ಅಮೆರಿಕದಲ್ಲಿ ಪೆಪ್ಪರ್ ಸ್ಪ್ರೇ: ಬ್ಯಾಡಗಿಯೋ ಗುಂಟೂರೋ ನೋಡಿ ಕೊಳ್ಳಿ

ಮಗಳು ಎಂ.ಎಸ್. ಓದಲು ಹೊರಟಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಒಂದು ಪೆಪ್ಪರ್ ಸ್ಪ್ರೇ ತುರುಕುವ ಅಮ್ಮಂದಿರಿದ್ದಾರೆ. ಬೇಡಿ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ ನಿಯಮದ ಪ್ರಕಾರ ಅದು ಕೈಚೀಲದಲ್ಲೂ ಇರುವಂತಿಲ್ಲ, ಚೆಕ್-ಇನ್ ಲಗೇಜಿನಲ್ಲೂ ಇರುವಂತಿಲ್ಲ. ಇಲ್ಲಿಗೆ ಬಂದ ಮೇಲೆ ಕೊಂಡರಾಯಿತು. ಐವತ್ತು ರಾಜ್ಯಗಳಲ್ಲೂ ಅವಕಾಶವಿದೆ, ಷರತ್ತು ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಕ್ಯಾಲಿಫೋರ್ನಿಯಾದಲ್ಲಿ ಡಬ್ಬಿ 2.5 ಔನ್ಸ್ ಮೀರಬಾರದು. ನ್ಯೂಜೆರ್ಸಿಯಲ್ಲಿ ಮುಕ್ಕಾಲು ಔನ್ಸ್ ಅಷ್ಟೇ. ನ್ಯೂಯಾರ್ಕಿನಲ್ಲಿ 18 ತುಂಬಿರಬೇಕು, ಪರವಾನಗಿ ಇರುವ ಬಂದೂಕಿನಂಗಡಿಗೋ ಫಾರ್ಮಸಿಗೋ ಖುದ್ದಾಗಿ ಹೋಗಿ ಕೊಳ್ಳಬೇಕು; ಆನ್‌ಲೈನ್ ಆರ್ಡರ್ ನಡೆಯುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಬಂದೂಕಿನಂಗಡಿಯೇ ಗತಿ.

ಇನ್ನು ಖಾರದ ವಿಚಾರ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘10% ಓಸಿ’ ಎಂದಿರುತ್ತದೆ, ಇಲ್ಲವೇ ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ ಲಕ್ಷಗಟ್ಟಲೆ ಲೆಕ್ಕ. ಓಸಿ ಎಂದರೆ ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರ. ಎಷ್ಟು ಸಾರ ಹಾಕಿದ್ದಾರೆ ಎಂದು ಅದು ಹೇಳುತ್ತದೆಯೇ ಹೊರತು ಎಷ್ಟು ಖಾರ ಎಂದಲ್ಲ. ಸಾರಿಗೆ ಹಿಡಿ ಬ್ಯಾಡಗಿ ಹಾಕಿದರೂ ಬಣ್ಣ ಬರುತ್ತದೆ, ನಾಲಿಗೆ ಸುಡುವುದಿಲ್ಲ. ಗುಂಟೂರಾದರೆ ನಾಲ್ಕೇ ಸಾಕು. ಸ್ಕೋವಿಲ್ ಸಂಖ್ಯೆಯೂ ಎಷ್ಟೋ ಸಲ ದ್ರವದಲ್ಲಿ ಬೆರೆಸುವ ಮೊದಲಿನ ಸಾರದ್ದು. ಹಾಗಾಗಿ ‘ಮೇಜರ್ ಕ್ಯಾಪ್ಸೈಸಿನಾಯ್ಡ್ಸ್’, ಅಂದರೆ ನಿಜಕ್ಕೂ ಉರಿಸುವ ಅಂಶ, ಎಂಬ ಸಾಲು ಹುಡುಕಿ. ಪೇಟೆಯಲ್ಲಿ ಸಿಗುವ ಗಟ್ಟಿ ಮಾಲಿನಲ್ಲಿ ಅದು 1.33% ಇರುತ್ತದೆ, ನ್ಯೂಯಾರ್ಕಿನ ಮಿತಿ 0.7%. ಆ ಸಾಲೇ ಇಲ್ಲದ ಡಬ್ಬಿಯನ್ನು ನಾನಾದರೆ ಕೊಳ್ಳುವುದಿಲ್ಲ. ಕರಡಿಗೆಂದು ಮಾರುವ ದೊಡ್ಡ ಡಬ್ಬಿ ಬೇಡವೇ ಬೇಡ, ಅದನ್ನು ಮನುಷ್ಯರ ಮೇಲೆ ಬಳಸಿದರೆ ಫೆಡರಲ್ ಕಾನೂನಿನ ಉಲ್ಲಂಘನೆ.

ಚಿಮ್ಮುವ ಬಗೆಯೂ ಬೇರೆ ಬೇರೆ. ಮಂಜಿನಂತೆ ಹರಡುವ ಫಾಗ್‌ಗೆ ಗುರಿ ಬೇಕಿಲ್ಲ, ಆದರೆ ಎದುರುಗಾಳಿ ಬೀಸಿದರೆ ನಿಮ್ಮ ಮುಖಕ್ಕೇ ಬರುತ್ತದೆ. ಮುಚ್ಚಿದ ಕೋಣೆಯಲ್ಲಂತೂ ಒಗ್ಗರಣೆ ಘಾಟಿನ ನೂರು ಪಟ್ಟು. ಜೆಲ್ ಗಾಳಿಗೆ ಅಷ್ಟಾಗಿ ಹಾರುವುದಿಲ್ಲ, ಆದರೆ ಕಣ್ಣಿಗೇ ಬೀಳಬೇಕು. ನನ್ನ ಮತ ಸ್ಟ್ರೀಮ್‌ಗೆ, ಅಂದರೆ ಪಿಚಕಾರಿಯಂತೆ ನೇರ ಚಿಮ್ಮುವುದಕ್ಕೆ. ನೀರು ತುಂಬಿದ ಅಭ್ಯಾಸದ ಡಬ್ಬಿ ಸಿಗುತ್ತದೆ, ನಾಲ್ಕು ಸಲ ಒತ್ತಿ ಕೈ ಪಳಗಿಸಿಕೊಳ್ಳಿ. ಬ್ಯಾಗಿನ ತಳದಲ್ಲಿ ಟಿಫಿನ್ ಡಬ್ಬಿಯ ಅಡಿ ಸಿಕ್ಕಿಕೊಂಡಿದ್ದರೆ ಇದ್ದೂ ಇಲ್ಲದ ಹಾಗೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ, ಬಿಸಿಗೆ ಸಿಡಿದೀತು. ಎಕ್ಸ್‌ಪೈರಿ ದಾಟಿದರೆ ಒತ್ತಡ ಇಳಿದಿರುತ್ತದೆ, ಬದಲಿಸಿ.

ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಬಯೋಮೆಟ್ರಿಕ್ಸ್ (ಬೆರಳಚ್ಚು, ಫೋಟೊ) ಕೊಡಲು ಹೋಗುವ ದಿನ ಮನೆಯಲ್ಲೇ ಇಡಿ, ಫೆಡರಲ್ ಕಟ್ಟಡದೊಳಗೆ ಒಯ್ಯುವಂತಿಲ್ಲ. ಕ್ಯಾಂಪಸ್ಸಿನ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ. ನಯಾಗರಾ ನೋಡಲು ಹೋದವರು ಸೇತುವೆ ದಾಟಿ ಆಚೆ ದಡಕ್ಕೆ ಹೋಗುವ ಮುನ್ನ ಕೀಚೈನ್ ನೋಡಿಕೊಳ್ಳಿ: ಕೆನಡಾದಲ್ಲಿ ಪೆಪ್ಪರ್ ಸ್ಪ್ರೇ ನಿಷೇಧಿತ ಆಯುಧ. ಬ್ರಿಟನ್ನಿನಲ್ಲೂ ಅಷ್ಟೇ, 1968ರ ಬಂದೂಕು ಕಾಯ್ದೆಯಡಿ ಇಟ್ಟುಕೊಳ್ಳುವುದೇ ಅಪರಾಧ.

ಪಾರ್ಕಿಂಗ್ ಜಗಳಕ್ಕೆ, ರೂಮ್‌ಮೇಟ್ ಮೇಲಿನ ಸಿಟ್ಟಿಗೆ ಇದನ್ನು ಬಳಸಿದರೆ ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷದವರೆಗೆ ಜೈಲು ಆಗಬಹುದು. ವೀಸಾದಲ್ಲಿರುವವರಿಗೆ ಕೇಸು ಬಿದ್ದರೆ ಇನ್ನೊಂದು ತಲೆನೋವು. ನಿಜವಾಗಿ ಮೈಮೇಲೆ ಬಂದಾಗ ಮಾತ್ರ ಒತ್ತಿ, ಓಡಿ, 911ಕ್ಕೆ ಫೋನ್ ಮಾಡಿ. ನಿಮ್ಮ ಕಣ್ಣಿಗೂ ತಗುಲಿದರೆ ಉಜ್ಜಬೇಡಿ. ಲೆನ್ಸ್ ಇದ್ದರೆ ತೆಗೆದು, ತಣ್ಣೀರಿನಲ್ಲಿ ತೊಳೆಯುತ್ತಲೇ ಇರಿ. ಉರಿ ಸಾಮಾನ್ಯವಾಗಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ.