ಟ್ಯಾಂಕಿನ ನೀರು ಹಳದಿ, ಕೊಡದ ನೀರು ಬಿಳಿ

ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವಕ್ಕೆ ಬಂದರೆ ಮಾತು ಕನ್ನಡ, ಬೇಸಿಗೆಯಲ್ಲಿ ನೀರು ಟ್ಯಾಂಕರಿನದು. 2016ರಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಗಿದ್ದು ನೆನಪಿರಬಹುದು. ಮಿರಜೂ ಜತ್ತವೂ ಒಂದೇ ಸಾಂಗ್ಲಿ ಜಿಲ್ಲೆಯವು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಾನು ಲ್ಯಾಬ್ ಟೆಕ್ನಿಶಿಯನ್. ಈ ಕಡೆಯ ಒಂದು ಚಿಕ್ಕ ಮಿಷನ್ ಆಸ್ಪತ್ರೆಗೆ ಹತ್ತು ದಿನದ ಮಟ್ಟಿಗೆ ಹೋಗಿದ್ದೆ. ಮಕ್ಕಳ ವಾರ್ಡಿನಲ್ಲಿ ಭೇದಿ ಜಾಸ್ತಿ ಇತ್ತು. ವಾಸಿಯಾಗಿ ಇನ್ನೇನು ಮನೆಗೆ ಹೋಗಬೇಕು ಅನ್ನುವ ಮಕ್ಕಳಿಗೂ ಮತ್ತೆ ಶುರುವಾಗುತ್ತಿತ್ತು. ನೀರು ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಟ್ಯಾಂಕು 10,000 ಲೀಟರಿನದು. 1,000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 25 ಗ್ರಾಂ ಬ್ಲೀಚಿಂಗ್ ಪುಡಿ ಬೇಕು. ಇಲ್ಲಿ ಅದಕ್ಕೆ ಟಿಸಿಎಲ್ ಅನ್ನುತ್ತಾರೆ. ಒಣ ಪುಡಿ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿದೆ. ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಕ್ಲೋರಿನ್ ಇದೆಯೇ ಎಂದು ನೋಡುವ ಓಟಿ (ಆರ್ಥೋಟಾಲಿಡಿನ್) ದ್ರಾವಣದ ಹನಿ ಬಿಟ್ಟೆ. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕಿತ್ತು, ಆಗಲಿಲ್ಲ. ಪುಡಿಯ ಚೀಲ ಬಾಯಿ ತೆರೆದೇ ಬಿಸಿಲಿಗೆ ಬಿದ್ದಿತ್ತು. ಕ್ಲೋರಿನ್ ಹಾರಿಹೋಗಿತ್ತು. ಹೊಸ ಪ್ಯಾಕೆಟ್ ಒಡೆದ ಮೇಲೆ ಬಣ್ಣ ಬಂತು.

ಆದರೆ ಮೂರು ದಿನವಾದರೂ ಭೇದಿ ಇಳಿಯಲಿಲ್ಲ. ಆಗ ವಾರ್ಡಿಗೇ ಹೋಗಿ, ಮಂಚದ ಕೆಳಗಿನ ಕೊಡಗಳ ನೀರು ತೆಗೆದು ನೋಡಿದೆ. ಹನ್ನೊಂದರಲ್ಲಿ ಒಂಬತ್ತಕ್ಕೆ ಬಣ್ಣವೇ ಇಲ್ಲ! ಮಗುವನ್ನು ತೊಳೆದ ಕೈಯೇ ಚರಿಗೆ ಹಿಡಿದು ಕೊಡಕ್ಕೆ ಇಳಿಯುತ್ತಿತ್ತು. ತಾಯಂದಿರನ್ನು ಬೈದು ಏನು ಪ್ರಯೋಜನ? ಅವರ ಹತ್ತಿರ ಇದ್ದದ್ದು ಒಂದೇ ಕೊಡ. ಕುಡಿಯಲೂ ಅದೇ, ತೊಳೆಯಲೂ ಅದೇ.

ಮೊಮ್ಮಗನ ಪಕ್ಕ ಕೂತಿದ್ದ ಒಬ್ಬ ಆಯಿ ಇನ್ನೊಂದು ಮಾತು ಹೇಳಿದರು. "ಟಾಕಿ ನೀರು ಔಷಧ ವಾಸನಿ ಹೊಡೀತೈತ್ರಿ. ಹುಡುಗ ಕುಡಿಯೂದಿಲ್ಲ. ಅದಕ್ಕ ಹೊರಗಿನ ಬಾವಿ ನೀರು ಕೂಡಸ್ತೀವಿ." ಇದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.

ಮಂಚಗಳ ಮಧ್ಯೆ ನಲ್ಲಿ ಇರುವ, ಮುಚ್ಚಳದ ಡ್ರಮ್ಮುಗಳನ್ನು ಇಡಿಸಿದೆವು. ತೊಳೆಯುವುದಕ್ಕೆ ಬಚ್ಚಲ ಹತ್ತಿರ ಬೇರೆ ಬಕೆಟ್ಟು, ಸೋಪು. ಡ್ರಮ್ಮನ್ನು ಸಂಜೆ ತುಂಬಿ ಬೆಳಿಗ್ಗೆ ಕೊಟ್ಟರೆ ವಾಸನೆ ಕಡಿಮೆ, ತಿಳಿ ಹಳದಿಯೂ ಇನ್ನೂ ಇರುತ್ತಿತ್ತು. ಓಆರ್‌ಎಸ್ ಕೂಡ ಅದೇ ನೀರಿನಲ್ಲಿ ಕಲಸಿದೆವು. ಆಯಿಯ ಮೊಮ್ಮಗ ಮೊದಲ ಲೋಟವನ್ನು ಮುಖ ಕಿವುಚಿಕೊಂಡೇ ಕುಡಿದ, ಎರಡನೆಯದನ್ನು ತಾನೇ ಕೇಳಿದ.

ಹೊರಡುವ ದಿನ ಓಟಿ ಬಾಟಲಿ, ಬಣ್ಣ ಹೋಲಿಸಿ ನೋಡುವ ಪಟ್ಟಿ ಎರಡನ್ನೂ ವಾರ್ಡಿನ ಸಿಸ್ಟರ್ ಕೈಗೆ ಕೊಟ್ಟೆ. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಿ, ಯಾರೂ ಕುಡಿಯಬಾರದು ಅಂದೆ. ಟ್ಯಾಂಕಿನ ಹತ್ತಿರ ಅಲ್ಲ, ದಿನಾ ಮಂಚದ ಪಕ್ಕವೇ ನೋಡಿ ಅಂತಲೂ ಹೇಳಿದೆ.