ಲಿಸ್ಬನ್‌ನ ಏರು, ಆಯಿಯ ಮಂಡಿ

ಆಯಿಗೆ, ಅಂದರೆ ನನ್ನ ತಾಯಿಗೆ, 69 ವರ್ಷ. ಎರಡೂ ಮಂಡಿ ನೋವು. ಅಪ್ಪಟ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಕುಮಟಾದ ತೋಟದ ಮನೆ ಬಿಟ್ಟರೆ ಬೆಂಗಳೂರಿನ ನನ್ನ ಮನೆ, ಅಷ್ಟೇ ಅವಳ ತಿರುಗಾಟ. ಇಂಥವಳನ್ನು ಏಳು ಗುಡ್ಡಗಳ ಊರು ಅಂತಲೇ ಹೆಸರಾದ ಲಿಸ್ಬನ್‌ಗೆ ಕರೆದುಕೊಂಡು ಹೋಗ್ತೀನಿ ಅಂದಾಗ ಅಕ್ಕ ಫೋನಿನಲ್ಲೇ ಬೈದಳು. ಯುರೋಪಿನಲ್ಲಿ ನನ್ನ ಜೇಬಿಗೆ ಹೊಂದುವ ದೇಶ ಹುಡುಕಿದಾಗ ಸಿಕ್ಕಿದ್ದು ಪೋರ್ಚುಗಲ್. ಗುಡ್ಡದ ವಿಷಯ ನನಗೂ ಆಮೇಲೆ ಗೊತ್ತಾಗಿದ್ದು.

ವೀಸಾ ಬಗ್ಗೆ ಜಾಸ್ತಿ ಬರೆಯಲ್ಲ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ದೊಡ್ಡವರಿಗೆ 90 ಯೂರೋ ಶುಲ್ಕ, ಕಡಿಮೆ ಅಂದರೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ನಾನು ಕೊನೇ ಗಳಿಗೆಗೆ ಬಿಟ್ಟು, ವೀಸಾ ಬರುವವರೆಗೆ ನಿದ್ದೆಗೆಟ್ಟೆ. ನೀವು ಹಾಗೆ ಮಾಡಬೇಡಿ. ಹೊರಟಿದ್ದು ಅಕ್ಟೋಬರ್‌ನಲ್ಲಿ, ದುಬೈ ಮೇಲೆ.

ಮೊದಲು ಎಲ್ಲರ ಹಾಗೆ ನಾನೂ ನೋಡಬೇಕಾದ ಜಾಗಗಳ ಪಟ್ಟಿ ಮಾಡಿದ್ದೆ. ಆಮೇಲೆ ಆ ಪಟ್ಟಿಯನ್ನು ಹರಿದು ಎಸೆದು, ಬೇರೆ ತರ ಯೋಚನೆ ಮಾಡಿದೆ. ಯಾವ ಜಾಗ ಎತ್ತರದಲ್ಲಿದೆ, ಅಲ್ಲಿಗೆ ಕಾಲು ಬಳಸದೆ ಹತ್ತುವುದು ಹೇಗೆ, ಅಲ್ಲಿಂದ ಇಳಿಜಾರಿನಲ್ಲಿ ಏನೇನು ಸಿಗುತ್ತದೆ. ಹತ್ತಲು ವಾಹನ, ಇಳಿಯಲು ಕಾಲು. ಇಡೀ ಪ್ರವಾಸ ನಡೆದದ್ದು ಈ ಲೆಕ್ಕದ ಮೇಲೆ. (ಮಂಡಿನೋವಿಗೆ ಇಳಿಯುವುದೂ ಕಷ್ಟ ಅಂತ ಡಾಕ್ಟರು ಹೇಳ್ತಾರೆ, ನಿಜ. ಅದಕ್ಕೆ ಕೋಲು ಇತ್ತು, ಅಲ್ಲಲ್ಲಿ ಬೆಂಚೂ ಇತ್ತು.)

ಕೋಟೆಗೆ ಹೋಗುವುದನ್ನೇ ತಗೊಳ್ಳಿ. ಸಾವ್ ಜಾರ್ಜ್ ಕೋಟೆ ಊರಿನ ನೆತ್ತಿಯ ಮೇಲಿದೆ. ಎಲ್ಲರೂ ಹೇಳುವುದು 28ನೇ ನಂಬರಿನ ಹಳದಿ ಟ್ರಾಮ್ ಹತ್ತಿ ಅಂತ. ನಾವೂ ಒಂದು ದಿನ ಹತ್ತಿದೆವು, ಅದರ ಮೊದಲ ನಿಲ್ದಾಣ ಮಾರ್ತಿಂ ಮೊನಿಜ್‌ನಲ್ಲಿ, ಬೆಳಗ್ಗೆ ಎಂಟಕ್ಕೂ ಮೊದಲು. ಹಾಗಾಗಿ ಆಯಿಗೆ ಕಿಟಕಿ ಸೀಟು ಸಿಕ್ಕಿತು. ಹತ್ತು ಗಂಟೆಗೆ ಅದೇ ಜಾಗದಲ್ಲಿ ನೋಡಿದರೆ ತಿರುಪತಿ ಕ್ಯೂ. ಆ ನೂಕುನುಗ್ಗಲಿನಲ್ಲಿ ಜೇಬುಗಳ್ಳರದ್ದೂ ಕಾಟ. ನನ್ನ ಸೊಂಟದ ಬ್ಯಾಗಿನ ಜಿಪ್ ಅರ್ಧ ತೆರೆದಿದ್ದು ಇಳಿದ ಮೇಲೆ ಕಂಡಿತು. ಪುಣ್ಯಕ್ಕೆ ಒಳಗಿದ್ದದ್ದು ಕೊಬ್ಬರಿ ಮಿಠಾಯಿ ಮಾತ್ರ.

ಕೋಟೆಗೆ ಹೋದದ್ದು ಟ್ರಾಮಿನಲ್ಲಿ ಅಲ್ಲ, ಪ್ರಾಸಾ ದ ಫಿಗೈರಾ ಚೌಕದಿಂದ ಹೊರಡುವ 737 ನಂಬರಿನ ಚಿಕ್ಕ ಬಸ್ಸಿನಲ್ಲಿ. ಇನ್ನೊಂದು ದಾರಿ ಬಿಟ್ಟಿಯದ್ದು. ಕೆಳಗಿನ ಬೈಶಾ ಪ್ರದೇಶದಲ್ಲಿ ರುಆ ದೊಶ್ ಫಾಂಕೈರೊಶ್ ಅನ್ನೋ ಬೀದಿಯಲ್ಲಿ ಒಂದು ಸಾರ್ವಜನಿಕ ಲಿಫ್ಟ್ ಇದೆ. ಮಾಮೂಲಿ ಕಟ್ಟಡದ ಬಾಗಿಲಿನ ಹಾಗಿರುತ್ತದೆ, ಎದುರಿಂದ ಹಾದುಹೋದರೂ ಗೊತ್ತಾಗಲ್ಲ. ಅದು ಮೇಲಿನ ಬೀದಿಗೆ ಬಿಡುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಸೂಪರ್ ಮಾರ್ಕೆಟ್ ಇರುವ ಹಳೇ ಮಾರುಕಟ್ಟೆ ಕಟ್ಟಡದಲ್ಲಿ ಇನ್ನೊಂದು ಲಿಫ್ಟ್. ಎರಡಕ್ಕೂ ದುಡ್ಡಿಲ್ಲ. ಹಾಗೇ ಬೈಶಾ-ಶಿಯಾಡೊ ಮೆಟ್ರೊ ನಿಲ್ದಾಣದ ಕೆಳಗಿನ ಬಾಗಿಲಲ್ಲಿ ಹೊಕ್ಕು ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿದರೆ, ಟಿಕೆಟ್ ಇಲ್ಲದೆ ಶಿಯಾಡೊ ಗುಡ್ಡದ ಮೇಲೆ ಇರ್ತೀರಿ. ಅಲ್ಲಿ ಹತ್ತಿರದಲ್ಲೇ ಕಾರ್ಮೊ ಮಠ. 1755ರ ನವೆಂಬರ್ 1ರ ಭೂಕಂಪದಲ್ಲಿ ಅದರ ಚಾವಣಿ ಬಿತ್ತು. ಕಮಾನುಗಳು ಮಾತ್ರ ಆಕಾಶ ಹೊತ್ತು ನಿಂತಿವೆ. ಆಯಿ ಅಲ್ಲೊಂದು ಕಲ್ಲಿನ ಮೇಲೆ ಕೂತು, "ಹಂಪಿಯ ಹಾಗೇ ಇದ್ದು" ಅಂದಳು.

ಆದರೆ ಚಪ್ಪಲಿ ವಿಷಯ ಮರೀಬೇಡಿ. ಊರಿನ ಕಾಲುದಾರಿಯೆಲ್ಲ ಚಿಕ್ಕ ಚಿಕ್ಕ ಬಿಳಿ ಕಪ್ಪು ಕಲ್ಲು ಜೋಡಿಸಿ ಮಾಡಿದ್ದು. ನೋಡಲು ರಂಗೋಲಿ, ಮಳೆ ಬಂದರೆ ಪಾಚಿಗಟ್ಟಿದ ಅಂಗಳ. ಎರಡನೇ ದಿನವೇ ಅವಳಿಗೆ ರಬ್ಬರ್ ಅಟ್ಟೆಯ ಶೂ ಕೊಡಿಸಿದೆ.

ಮನೆಯ ವಿಷಯದಲ್ಲಿ ನಾನು ಮೋಸ ಹೋದೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬೇಕಿತ್ತು, ಬುಕ್ ಮಾಡಿದೆ, ವಿವರದಲ್ಲಿ ಲಿಫ್ಟ್ ಇದೆ ಅಂತ ಬರೆದಿತ್ತು. ಹೋಗಿ ನೋಡಿದರೆ ಲಿಫ್ಟ್ ಇದೆ, ಆದರೆ ಕೆಟ್ಟು ನಿಂತಿದೆ. ಮೂರನೇ ಮಹಡಿ, ಕಡಿದಾದ ಮರದ ಮೆಟ್ಟಿಲು. ಒಂದು ಗಂಟೆ ಜಗಳ ಆಡಿದ ಮೇಲೆ ಮನೆ ಒಡತಿ ಪಕ್ಕದ ಬೀದಿಯಲ್ಲಿ ನೆಲಮಹಡಿಯ ಮನೆ ಕೊಟ್ಟಳು. ಬುಕ್ ಮಾಡುವ ಮುಂಚೆ ಲಿಫ್ಟ್ ಈಗ ನಡೀತಾ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಲಿಸ್ಬನ್‌ನಲ್ಲಿ ತಲೆಗೆ ರಾತ್ರಿಗೆ 4 ಯೂರೋ ಪ್ರವಾಸಿ ತೆರಿಗೆಯೂ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆ ಜಗಳದಿಂದ ಒಂದು ಲಾಭ ಆಯಿತು. ಮನೆ ಒಡತಿ ಕೀಲಿ ಕೈ ಕೊಡುತ್ತಾ "ಶಾವ್" ಅಂದಳು. ಆಯಿ ನನ್ನ ಕಡೆ ತಿರುಗಿ, "ಇವಳಿಗೆ ಕನ್ನಡ ಬರ್ತದಾ ತಮ್ಮಾ? ಚಾವಿ ಅಂದಳಲ್ಲ!" ನಮ್ಮ ಕಡೆ ಕೀಲಿಗೆ ಚಾವಿ ಅಂತಲೇ ಹೇಳೋದು. ಆಮೇಲೆ ಅವಳಿಗೆ ಇದೇ ಆಟ ಆಯಿತು. ತರಕಾರಿ ಅಂಗಡಿಯಲ್ಲಿ ಬಟಾಟಾ, ನಮ್ಮ ಬಟಾಟೆ. ಅನಾನಸ್ ಅಲ್ಲೂ ಅನಾನಸ್ಸೇ. ಹೋಟೆಲಿನ ಮೇಜು ಮೆಜಾ. ದುಡ್ಡು ಕೊಡುವುದಕ್ಕೆ ಪಗಾರ್ ಅಂತಾರೆ, ನಮಗೆ ತಿಂಗಳ ಕೊನೆಗೆ ಸಿಗುವ ಪಗಾರ ಅದೇ.

ಊಟ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಮಾರ್ತಿಂ ಮೊನಿಜ್ ಸುತ್ತಮುತ್ತ ಭಾರತ, ಬಾಂಗ್ಲಾದವರ ಅಂಗಡಿಗಳಿವೆ. ತೊಗರಿಬೇಳೆ, ಹುಣಸೆಹಣ್ಣು, ಕೊತ್ತಂಬರಿ ಎಲ್ಲಾ ಅಲ್ಲೇ ತಂದೆ. ಪೋರ್ಚುಗಲ್‌ನ ಕಾರೊಲಿನೊ ಅಕ್ಕಿ ಸ್ವಲ್ಪ ಅಂಟು, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೊರಗೆ ತಿನ್ನುವಾಗ ಮಾಂಸ ಇಲ್ಲ ಅಂದರೆ ಸಾಲದು, ಮೀನೂ ಬೇಡ ಅಂತ ಬೇರೆ ಹೇಳಬೇಕು. ಸೊಪ್ಪಿನ ಸೂಪ್ ಕಾಲ್ದು ವೆರ್ದ್ ನೋಡಲು ಹಸಿರಾಗಿರುತ್ತದೆ, ಒಳಗೆ ಹಂದಿಮಾಂಸದ ಸಾಸೇಜ್ ತುಂಡು ತೇಲುತ್ತಿರುತ್ತದೆ. ಕೂತ ಕೂಡಲೇ ಬ್ರೆಡ್, ಆಲಿವ್ ತಂದಿಡುತ್ತಾರಲ್ಲ, ಅದು ಉಚಿತ ಅಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ. ನಾನು ಮೊದಲ ದಿನ ಖುಷಿಯಲ್ಲಿ ಪೂರ್ತಿ ತಿಂದು ಬಿಲ್ ನೋಡಿ ಸುಮ್ಮನಾದೆ.

ಲಿಸ್ಬನ್‌ನ ಬೆಲೆಂ ಬಡಾವಣೆಗೆ 15ನೇ ನಂಬರಿನ ಟ್ರಾಮ್. ನದಿ ದಂಡೆ, ನೆಲ ಸಮ, ಆಯಿಗೆ ಹಬ್ಬ. ಅಲ್ಲಿನ ಜೆರೊನಿಮೊಶ್ ಮಠ ಸೋಮವಾರ ಮುಚ್ಚಿರುತ್ತದೆ. ಒಳಗಿನ ಅಂಗಳಕ್ಕೆ ಟಿಕೆಟ್, ಚರ್ಚಿಗೆ ಇಲ್ಲ. ಚರ್ಚಿನೊಳಗೆ ಹೋಗುತ್ತಿದ್ದ ಹಾಗೇ ವಾಸ್ಕೋ ಡ ಗಾಮನ ಸಮಾಧಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತ, ಮೊದಲು ಹೂಳಿದ್ದೂ ಅಲ್ಲೇ, ಆಮೇಲೆ ಅಸ್ಥಿ ಇಲ್ಲಿಗೆ ಬಂತು. 1498ರಲ್ಲಿ ವಾಪಸಾಗುವಾಗ ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ತಂಗಿದ್ದ ಅಂತ ನಾನು ಹೇಳಿದೆ. ಆಯಿಗೆ ಅದರಲ್ಲಿ ಆಸಕ್ತಿ ಬರಲಿಲ್ಲ. ಅವಳನ್ನು ಹಿಡಿದಿದ್ದು ಇನ್ನೊಂದು ಸಂಗತಿ. ಈ ಮಠ ಕಟ್ಟಲು ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಐದು ಪರ್ಸೆಂಟ್ ತೆರಿಗೆಯಿಂದ. ಅದರ ಹೆಸರಿನಲ್ಲೇ ಕಾಳುಮೆಣಸು ಇದೆ, "ವಿಂತೇನ ದ ಪಿಮೆಂತ". ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಅಂತ ಕರೆದವರೂ ಈ ಪೋರ್ಚುಗೀಸರೇ. ಆಯಿ ತಲೆ ಎತ್ತಿ ಆ ಕೆತ್ತನೆ ಕಂಬಗಳನ್ನು ಬುಡದಿಂದ ತುದಿವರೆಗೆ ನೋಡಿದಳು. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕೊಳೆರೋಗಕ್ಕೆ ಅರ್ಧ ಹೋಗಿದೆ. "ಆಗಿನ ರೇಟು ಈಗ ಇದ್ದಿದ್ರೆ" ಅಂದಳು. ಮಠದ ಹತ್ತಿರವೇ 1837ರಿಂದ ಇರುವ ಪಶ್ತೈಶ್ ದ ಬೆಲೆಂ ಅಂಗಡಿ. ಅಲ್ಲಿ ಮಾರುವ ಕಸ್ಟರ್ಡ್ ತಿಂಡಿಯಲ್ಲಿ ಮೊಟ್ಟೆ ಇರುವುದರಿಂದ ಅವಳ ಪಾಲಿನದ್ದನ್ನೂ ನಾನೇ ತಿಂದೆ.

ಲಿಸ್ಬನ್ ಹತ್ತಿರದ ಸಿಂತ್ರಾ ಊರಿನಲ್ಲಿ ಎಡವಿದ್ದು ಪೂರ್ತಿ ನನ್ನ ತಪ್ಪು. ರೊಸಿಯು ನಿಲ್ದಾಣದಿಂದ ರೈಲಿನಲ್ಲಿ 40 ನಿಮಿಷ, ಆಮೇಲೆ 434 ಬಸ್ಸು. ಪೇನ ಅರಮನೆಯ ಟಿಕೆಟ್ ಮೇಲೆ ಸಮಯ ಬರೆದಿರುತ್ತದೆ, ಅದು ಅರಮನೆ ಬಾಗಿಲಿನ ಸಮಯ. ನಾನು ಉದ್ಯಾನದ ಗೇಟಿನ ಸಮಯ ಅಂದುಕೊಂಡೆ. ಗೇಟಿನಿಂದ ಮೇಲೆ ಸುಮಾರು ಅರ್ಧ ಗಂಟೆ ಏರು. ನಮ್ಮ ಸಮಯ ಮೀರಿತು, ಒಳಗೆ ಬಿಡಲಿಲ್ಲ. ಹಳದಿ ಕೆಂಪು ಅರಮನೆಯನ್ನು ಹೊರಗಿನಿಂದ ನೋಡಿ, ಉದ್ಯಾನದಲ್ಲಿ ಬುತ್ತಿ ಬಿಚ್ಚಿದೆವು. ಬರೆದ ಸಮಯಕ್ಕಿಂತ ಒಂದು ಗಂಟೆ ಮೊದಲೇ ಗೇಟಿನಲ್ಲಿರಿ, ಹತ್ತಲಾಗದವರಿಗೆ ಒಳಗೆ ದುಡ್ಡು ಕೊಟ್ಟು ಹತ್ತುವ ಗಾಡಿಯಿದೆ.

ಲಿಸ್ಬನ್‌ನಿಂದ ಉತ್ತರದ ಪೋರ್ಟೊ ನಗರಕ್ಕೆ ರೈಲಿನಲ್ಲಿ ಸುಮಾರು ಮೂರು ಗಂಟೆ. 65 ದಾಟಿದವರಿಗೆ ಅರ್ಧ ಟಿಕೆಟ್, ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿದರಾಯಿತು. ರೈಲು ಕಂಪಾನ್ಯಾದಲ್ಲಿ ನಿಲ್ಲುತ್ತದೆ. ಅದೇ ಟಿಕೆಟ್ಟಿನಲ್ಲಿ ಊರೊಳಗಿನ ಸಾವ್ ಬೆಂತೊ ನಿಲ್ದಾಣಕ್ಕೆ ಲೋಕಲ್ ಹಿಡಿಯಬಹುದು. ಆ ನಿಲ್ದಾಣದ ಗೋಡೆಗಳಲ್ಲಿ ಸುಮಾರು 20,000 ನೀಲಿ ಟೈಲ್‌ಗಳ ಚಿತ್ರ. ಆಯಿ ಮುಕ್ಕಾಲು ಗಂಟೆ ಅಲ್ಲೇ ಕೂತಳು, ನಾನೂ ಎಬ್ಬಿಸಲಿಲ್ಲ. ಅಲ್ಲಿಂದ 1886ರ ಲೂಯಿಶ್ ಸೇತುವೆಯ ಮೇಲಿನ ಅಂತಸ್ತಿಗೆ ಹೋದರೆ ಸೇತುವೆ ಮೇಲಿನ ನಡಿಗೆ ಸಮತಟ್ಟು. ಪಕ್ಕದಲ್ಲೇ ಮೆಟ್ರೊ ಹೋಗುತ್ತದೆ, ಕೆಳಗೆ ಡೊರು ನದಿ. ಕೆಳಗಿನ ದಂಡೆಗೆ ಇಳಿದವರಿಗೆ ವಾಪಸ್ ಮೇಲೆ ಬರಲು ಗಿಂಡಾಯ್ಶ್ ಅನ್ನುವ ಹಳಿ ಮೇಲಿನ ಲಿಫ್ಟ್ ಇದೆ.

ಲಿಸ್ಬನ್‌ಗೆ ಆರು ರಾತ್ರಿ, ಪೋರ್ಟೊಗೆ ಎರಡು ಇಟ್ಟಿದ್ದೆ. ಪೋರ್ಟೊಗೆ ಇನ್ನೊಂದು ಬೇಕಿತ್ತು, ಡೊರು ಕಣಿವೆಯ ರೈಲು ತಪ್ಪಿಹೋಯಿತು. ಮೊನ್ನೆ ಅಕ್ಕ ಬಂದಾಗ ಕೋಟೆ, ಅರಮನೆ ಎಲ್ಲ ನಾನು ಹೇಳುತ್ತಾ ಕೂತಿದ್ದೆ. ಆಯಿ ಒಳಗಿನಿಂದ ಕೂಗಿದಳು, "ಆ ಬಿಟ್ಟಿ ಲಿಫ್ಟು ಎಲ್ಲಿದ್ದು ಹೇಳು ಮೊದಲು."