ನ್ಯೂರಾಲಜಿ ರೆಸಿಡೆನ್ಸಿ: ರ‍್ಯಾಂಕ್ ಪಟ್ಟಿ ಬರೆಯುವುದು ಹೇಗೆ?

ಅಮೆರಿಕದಲ್ಲಿ ನ್ಯೂರಾಲಜಿ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ನರರೋಗ ತಜ್ಞರಾಗುವ ತರಬೇತಿಗೆ ಅರ್ಜಿ ಹಾಕಿದವರಿಗೆ ಜನವರಿ ಕೊನೆಯ ಹೊತ್ತಿಗೆ ಸಂದರ್ಶನಗಳು ಬಹುತೇಕ ಮುಗಿದಿರುತ್ತವೆ. ಆಮೇಲೆ ಉಳಿಯುವುದು ಒಂದೇ ಕೆಲಸ. ಸಂದರ್ಶನ ಕೊಟ್ಟ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಬರೆದು ಕಳುಹಿಸುವುದು. ಮುಂದಿನ ನಾಲ್ಕು ವರ್ಷ ಎಲ್ಲಿ, ಯಾರ ಕೈಕೆಳಗೆ ಕಲಿಯುತ್ತೀರಿ ಅನ್ನುವುದು ಆ ಸಾಲಿನ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಅಲ್ಲಿಗೆ ಹೋಗಬಯಸುವವರು ಯುಎಸ್‌ಎಂಎಲ್‌ಇ ಎಂಬ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಾರೆ. ಈ ಪಟ್ಟಿಯನ್ನು ಮಾತ್ರ ಒಂದು ಸಂಜೆ ಕೂತು, ಸ್ನೇಹಿತರು ಹೇಳಿದ ಹಾಗೆ ಬರೆದುಬಿಡುತ್ತಾರೆ. ಹಾಗೆ ಮಾಡಬೇಡಿ.

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳಿ

ಈ ಹಂಚಿಕೆಗೆ ಮ್ಯಾಚ್ ಎಂದು ಹೆಸರು. ಎನ್‌ಆರ್‌ಎಂಪಿ ಎಂಬ ಸಂಸ್ಥೆ 1952ರಿಂದ ಇದನ್ನು ನಡೆಸುತ್ತಿದೆ. ನಮ್ಮ ಕೆಇಎ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಗೊತ್ತಿರುವ ಕೆಲಸ ಅನ್ನಿಸಬಹುದು. ಆದರೆ ಎರಡು ದೊಡ್ಡ ವ್ಯತ್ಯಾಸಗಳಿವೆ. ಅಲ್ಲಿ ಎಲ್ಲರಿಗೂ ಸೇರಿ ಒಂದೇ ಮೆರಿಟ್ ಪಟ್ಟಿ ಇಲ್ಲ, ಪ್ರತಿ ಆಸ್ಪತ್ರೆಯೂ ತನಗೆ ಬೇಕಾದವರ ಪಟ್ಟಿಯನ್ನು ತಾನೇ ಬರೆಯುತ್ತದೆ. ಎರಡನೆಯದು, ಸೀಟು ಬಂದ ಮೇಲೆ ಚಾಯ್ಸ್ ಕೊಡುವ ಅವಕಾಶವಿಲ್ಲ. ಬಂದ ಸೀಟಿಗೆ ನೀವು ಕಟ್ಟುಬಿದ್ದಿರುತ್ತೀರಿ.

ಹಾಗಾದರೆ ಕಷ್ಟದ ಆಸ್ಪತ್ರೆಯನ್ನು ಮೇಲೆ ಬರೆದರೆ ಸುಲಭದ್ದು ಕೈತಪ್ಪುತ್ತದೆಯೇ? ಇಲ್ಲ. ಕ, ಖ ಎಂಬ ಎರಡು ಆಸ್ಪತ್ರೆ ಇವೆ ಅಂದುಕೊಳ್ಳಿ. ಕ ನಿಮಗೆ ತುಂಬ ಇಷ್ಟ, ಸಿಗುವುದು ಅನುಮಾನ. ಖ ಹೆಚ್ಚುಕಡಿಮೆ ಖಚಿತ. ನೀವು ಕ ಮೊದಲು, ಖ ಆಮೇಲೆ ಎಂದು ಬರೆಯುತ್ತೀರಿ. ಕಂಪ್ಯೂಟರ್ ಮೊದಲು ಕ ನೋಡುತ್ತದೆ. ಅಲ್ಲಿ ನಿಮಗಿಂತ ಮೇಲಿನವರು ತುಂಬಿದ್ದರೆ ಖಗೆ ಬರುತ್ತದೆ. ಅಷ್ಟರಲ್ಲಿ ಖದ ಸೀಟುಗಳೂ ತುಂಬಿರಬಹುದು. ಆದರೆ ಅಲ್ಲಿ ಕೂತವರಲ್ಲಿ ಒಬ್ಬರು ಖದ ಪಟ್ಟಿಯಲ್ಲಿ ನಿಮಗಿಂತ ಕೆಳಗಿದ್ದರೆ, ಅವರನ್ನು ಎಬ್ಬಿಸಿ ಆ ಜಾಗ ನಿಮಗೆ ಕೊಡುತ್ತದೆ. ಕೊನೆಯವರೆಗೂ ಯಾವ ಸೀಟೂ ಪಕ್ಕಾ ಅಲ್ಲ. ಹಾಗಾಗಿ ಕ ಮೇಲೆ ಬರೆದಿದ್ದಕ್ಕೆ ಖದಲ್ಲಿ ನೀವು ಏನೂ ಕಳೆದುಕೊಳ್ಳುವುದಿಲ್ಲ. ಈಗ ಬಳಕೆಯಲ್ಲಿರುವ ಕ್ರಮವನ್ನು ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ರೂಪಿಸಿದರು. ಅದು ಬಳಕೆಗೆ ಬಂದದ್ದು 1998ರಲ್ಲಿ. ಇಂಥ ಹಂಚಿಕೆಗಳ ಮೇಲಿನ ಕೆಲಸಕ್ಕೆ ರಾತ್ ಅವರಿಗೆ 2012ರಲ್ಲಿ, ಲಾಯ್ಡ್ ಶಾಪ್ಲಿ ಅವರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಆದ್ದರಿಂದ ಎಲ್ಲಿ ಸಿಗಬಹುದು ಎಂದು ಊಹಿಸಿ ಬರೆಯಬೇಡಿ. ಎಲ್ಲಿ ಬೇಕೋ ಆ ಕ್ರಮದಲ್ಲೇ ಬರೆಯಿರಿ. ಸಂದರ್ಶನದ ನಂತರ "ನೀವು ನಮಗೆ ತುಂಬ ಇಷ್ಟವಾದಿರಿ" ಎಂದು ಇಮೇಲ್ ಬಂದರೆ ಖುಷಿಪಡಿ, ಪಟ್ಟಿ ಬದಲಿಸಬೇಡಿ. ಆ ಮಾತಿಗೆ ಯಾರೂ ಬದ್ಧರಲ್ಲ. ನೀವು ಎಷ್ಟನೆಯ ರ‍್ಯಾಂಕ್ ಕೊಡುತ್ತೀರಿ ಎಂದು ಕೇಳುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ.

ಸೀಟಿನ ಬಗೆ ನೋಡಿ

ನ್ಯೂರಾಲಜಿಯಲ್ಲಿ ಹಲವರು ಎಡವುವುದು ಇಲ್ಲೇ. ತರಬೇತಿ ಒಟ್ಟು ನಾಲ್ಕು ವರ್ಷ. ಮೊದಲ ವರ್ಷ ಮುಖ್ಯವಾಗಿ ಇಂಟರ್ನಲ್ ಮೆಡಿಸಿನ್, ಉಳಿದ ಮೂರು ನ್ಯೂರಾಲಜಿ. ಕ್ಯಾಟಗಾರಿಕಲ್ ಸೀಟು ಸಿಕ್ಕರೆ ನಾಲ್ಕೂ ವರ್ಷ ಒಂದೇ ಕಡೆ. ಅಡ್ವಾನ್ಸ್‌ಡ್ ಸೀಟು ಎರಡನೇ ವರ್ಷದಿಂದ ಶುರುವಾಗುತ್ತದೆ. ಮೊದಲ ವರ್ಷಕ್ಕೆ ಪ್ರಿಲಿಮಿನರಿ ಸೀಟನ್ನು ನೀವೇ ಬೇರೆ ಹುಡುಕಬೇಕು.

ಕೆಲವು ಆಸ್ಪತ್ರೆಗಳಲ್ಲಿ ಎರಡೂ ಬಗೆಯ ಸೀಟುಗಳಿವೆ, ಎರಡಕ್ಕೂ ಬೇರೆ ಬೇರೆ ಕೋಡ್ ಇರುತ್ತದೆ. ಎರಡಕ್ಕೂ ನಿಮ್ಮನ್ನು ಪರಿಗಣಿಸಿದ್ದರೆ ಎರಡನ್ನೂ ಬರೆಯಿರಿ. ಅಡ್ವಾನ್ಸ್‌ಡ್ ಸೀಟು ಬರೆದಾಗ ಅದರ ಕೆಳಗೆ ಪೂರಕ ಪಟ್ಟಿ ತೆರೆದುಕೊಳ್ಳುತ್ತದೆ, ಪ್ರಿಲಿಮಿನರಿ ಸೀಟುಗಳನ್ನು ಅಲ್ಲಿ ಸೇರಿಸಬೇಕು. ಅದನ್ನು ಖಾಲಿ ಬಿಟ್ಟರೆ ನ್ಯೂರಾಲಜಿ ಸೀಟು ಕೈಯಲ್ಲಿದ್ದೂ ಮೊದಲ ವರ್ಷಕ್ಕೆ ಜಾಗವಿಲ್ಲದ ಸ್ಥಿತಿ ಬರುತ್ತದೆ. ಎರಡು ಆಸ್ಪತ್ರೆ ನಿಮಗೆ ಸಮಸಮ ಅನ್ನಿಸಿದರೆ ಕ್ಯಾಟಗಾರಿಕಲ್ ಇರುವುದನ್ನೇ ಮೇಲಿಡಿ ಅಂತ ನಾನು ಹೇಳುತ್ತೇನೆ. ವರ್ಷದೊಳಗೆ ಮತ್ತೆ ಊರು ಬದಲಿಸುವುದು, ಹೊಸ ಮನೆ, ವೀಸಾ ಕಾಗದ ಅಂತ ಓಡಾಡುವುದು ಯಾವುದೂ ಇರುವುದಿಲ್ಲ.

ವೀಸಾ

ಯಾವ ವೀಸಾ ಕೊಡಿಸುತ್ತಾರೆ ಅನ್ನುವುದನ್ನು ಹೊರದೇಶದವರು ರ‍್ಯಾಂಕ್ ಬರೆಯುವ ಮೊದಲೇ ಆಸ್ಪತ್ರೆಯಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ರೆಸಿಡೆಂಟ್‌ಗಳ ಜೆ-1 ಎಂಬ ವಿನಿಮಯ ವೀಸಾಕ್ಕೆ ಪ್ರಾಯೋಜಕರು ಇಸಿಎಫ್‌ಎಂಜಿ (ಈಗ ಇಂಟೆಲ್ತ್ ಸಂಸ್ಥೆಯ ಭಾಗ), ವಿದೇಶಿ ವೈದ್ಯ ಪದವೀಧರರ ಅರ್ಹತೆ ದೃಢೀಕರಿಸುವ ಸಂಸ್ಥೆ. ಅದರಲ್ಲಿ ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಇಲ್ಲವೇ ವಿನಾಯಿತಿ ಪಡೆದು, ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಕಾನ್ರಾಡ್ 30 ಯೋಜನೆಯಲ್ಲಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ ಇಂಥ 30 ವಿನಾಯಿತಿಗಳಿವೆ. ಎಚ್-1ಬಿ ಎಂಬ ಉದ್ಯೋಗ ವೀಸಾ ಬೇಕಿದ್ದರೆ ಯುಎಸ್‌ಎಂಎಲ್‌ಇಯ ಕೊನೆಯ ಹಂತವಾದ ಸ್ಟೆಪ್ 3 ಪಾಸಾಗಿರಬೇಕು. ಅದರ ಮಿತಿ ಸಾಮಾನ್ಯವಾಗಿ ಆರು ವರ್ಷ. ನಾಲ್ಕು ವರ್ಷ ರೆಸಿಡೆನ್ಸಿ, ಎರಡು ವರ್ಷ ಫೆಲೋಶಿಪ್ (ರೆಸಿಡೆನ್ಸಿ ನಂತರದ ಉಪವಿಭಾಗದ ತರಬೇತಿ) ಅಂದರೆ ಅಲ್ಲಿಗೇ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ದೇಶದ ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಹಾಗಾಗಿ ಆಸ್ಪತ್ರೆಯ ಹಳೆಯ ವೆಬ್ ಪುಟ ನೋಡಿ ನಂಬಬೇಡಿ. ಈ ವರ್ಷ ಏನು ಮಾಡುತ್ತಾರೆ ಎಂದೇ ಕೇಳಿ.

ರಾತ್ರಿ ಎರಡು ಗಂಟೆಯ ಪ್ರಶ್ನೆ

ಅಮೆರಿಕದ ವೈದ್ಯರು ಬಳಸುವ ಡಾಕ್ಸಿಮಿಟಿಯಂಥ ಜಾಲತಾಣಗಳ ಶ್ರೇಯಾಂಕ ಹೆಚ್ಚಾಗಿ ಹೆಸರಿನ ಮೇಲೆ ನಿಂತಿರುತ್ತದೆ. ದೊಡ್ಡ ಹೆಸರಿಗೆ ಬೆಲೆ ಇಲ್ಲ ಅಂತಲ್ಲ, ಫೆಲೋಶಿಪ್ ಹುಡುಕುವಾಗ ಅದು ನೆರವಾಗುತ್ತದೆ. ಆದರೆ ನಿಮ್ಮನ್ನು ನ್ಯೂರಾಲಜಿಸ್ಟ್ ಮಾಡುವುದು ಅಲ್ಲಿನ ದಿನನಿತ್ಯದ ಕೆಲಸ. ಅದನ್ನು ತಿಳಿಯಲು ಅಲ್ಲಿನ ರೆಸಿಡೆಂಟ್‌ಗಳ ಜೊತೆ ಮಾತಾಡಲೇಬೇಕು.

ರಾತ್ರಿ ಎರಡಕ್ಕೆ ಸ್ಟ್ರೋಕ್ ಅಲರ್ಟ್, ಅಂದರೆ ಪಾರ್ಶ್ವವಾಯು ರೋಗಿಗಾಗಿ ತುರ್ತು ಕರೆ ಬಂದರೆ ರೋಗಿಯ ಹತ್ತಿರ ಓಡುವವರು ಯಾರು ಎಂದು ಕೇಳಿ. ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ನಿರ್ಧಾರದಲ್ಲಿ ರೆಸಿಡೆಂಟ್ ಮಾತಿಗೆ ಜಾಗ ಇದೆಯೇ? ಸೀನಿಯರ್ ಆಸ್ಪತ್ರೆಯಲ್ಲೇ ಇರುತ್ತಾರಾ, ಫೋನಿನಲ್ಲಿ ಮಾತ್ರ ಸಿಗುತ್ತಾರಾ? ಹೆದರಿಕೊಂಡು ಒಬ್ಬರೇ ನಿಲ್ಲುವ ಕಡೆ ಕಲಿಕೆ ಆಗುವುದಿಲ್ಲ. ಎಲ್ಲವನ್ನೂ ಫೆಲೋಗಳೇ ಮಾಡಿ, ನೀವು ಸುಮ್ನೆ ನೋಟ್ಸ್ ಬರೆಯುವ ಕಡೆಯೂ ಆಗುವುದಿಲ್ಲ. ಫೆಲೋಗಳು ಜಾಸ್ತಿ ಇರುವ ದೊಡ್ಡ ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ಬಿಡದೆ ಕೇಳಿ.

ರಕ್ತದ ಗಡ್ಡೆಯನ್ನು ತಂತಿ ಹಾಕಿ ತೆಗೆಯುವ ಥ್ರಾಂಬೆಕ್ಟಮಿ ಅಲ್ಲೇ ಆಗುತ್ತದೆಯೇ, ರೋಗಿಯನ್ನು ಬೇರೆಡೆಗೆ ಕಳಿಸುತ್ತಾರೆಯೇ? ಕಾಂಪ್ರಹೆನ್ಸಿವ್ ಸ್ಟ್ರೋಕ್ ಸೆಂಟರ್ ಎಂಬ ಮಾನ್ಯತೆ ಇದ್ದರೆ ಅಲ್ಲೇ ಆಗುತ್ತದೆ. ಅಪಸ್ಮಾರದಲ್ಲಿ ಆಸಕ್ತಿ ಇದ್ದರೆ ಅತ್ಯುನ್ನತ ಮಟ್ಟದ ಲೆವೆಲ್ 4 ಎಪಿಲೆಪ್ಸಿ ಸೆಂಟರ್ ಹೌದಾ ನೋಡಿ. ಇಇಜಿ (ಮಿದುಳಿನ ವಿದ್ಯುತ್ ದಾಖಲೆ), ಇಎಂಜಿ (ಸ್ನಾಯುಗಳದ್ದು) ಓದಲು ನಿಮಗೆ ಎಷ್ಟು ತಿಂಗಳು ಸಿಗುತ್ತದೆ ಅನ್ನುವುದನ್ನೂ ಕೇಳಿ.

ಹೊರರೋಗಿ ಕ್ಲಿನಿಕ್ ಬಗ್ಗೆ ಅಭ್ಯರ್ಥಿಗಳು ಕೇಳುವುದೇ ಕಡಿಮೆ, ಇದು ನನಗೆ ಬೇಸರ ತರುತ್ತದೆ. ತಲೆನೋವು, ಪಾರ್ಕಿನ್ಸನ್, ನರದೌರ್ಬಲ್ಯ, ಮರೆವು ಇವೆಲ್ಲ ಬರುವುದು ಕ್ಲಿನಿಕ್‌ಗೆ. ತರಬೇತಿ ಮುಗಿದ ಮೇಲೆ ಬಹಳಷ್ಟು ನ್ಯೂರಾಲಜಿಸ್ಟ್‌ಗಳ ದಿನ ಕಳೆಯುವುದೂ ಅಲ್ಲೇ. ಒಬ್ಬ ರೋಗಿಯನ್ನು ಮೂರು ವರ್ಷ ನೀವೇ ನೋಡುವ ವ್ಯವಸ್ಥೆ ಇದೆಯೇ? ಪಕ್ಕದಲ್ಲಿ ಕೂತು ರಿಫ್ಲೆಕ್ಸ್ ಪರೀಕ್ಷೆ ತಿದ್ದುವ ಗುರುಗಳು ಇದ್ದಾರೆಯೇ? ಅಂಥವರು ಇರುವ ಚಿಕ್ಕ ಆಸ್ಪತ್ರೆಯನ್ನು ನಾನಾದರೆ ಹೆಸರಾಂತ ಆಸ್ಪತ್ರೆಗಿಂತ ಮೇಲೆ ಬರೆಯುತ್ತೇನೆ.

ಕೆಲಸದ ಮಿತಿ ಕಾಗದದ ಮೇಲೆ ಎಲ್ಲ ಕಡೆ ಒಂದೇ: ನಾಲ್ಕು ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ. ವರ್ಷಕ್ಕೆ ನಾಲ್ಕೇ ರೆಸಿಡೆಂಟ್ ಇರುವ ಕಡೆ ಒಬ್ಬರು ರಜೆ ಹಾಕಿದರೂ ಭಾರ ಉಳಿದವರ ಮೇಲೆ. ಕಳೆದ ಕೆಲವು ವರ್ಷಗಳಲ್ಲಿ ಯಾರಾದರೂ ಅರ್ಧಕ್ಕೆ ಬಿಟ್ಟು ಹೋದರೇ, ಯಾಕೆ ಎಂದು ಮೆಲ್ಲಗೆ ಕೇಳಿ. ಉತ್ತರಿಸುವವರ ಮುಖ ನೋಡಿದರೇ ಅರ್ಧ ಗೊತ್ತಾಗುತ್ತದೆ, ಅಲ್ವಾ?

ಬದುಕೂ ಲೆಕ್ಕಕ್ಕೆ ಬರಲಿ

ಸಂಬಳದಲ್ಲಿ ಬಾಡಿಗೆ ಕಳೆದು ಎಷ್ಟು ಉಳಿಯುತ್ತದೆ, ಚಳಿ ತಡೆಯುತ್ತೀರಾ, ಹತ್ತಿರದಲ್ಲಿ ನಂಟರು ಇದ್ದಾರೆಯೇ, ಕನ್ನಡ ಕೂಟ ಇದೆಯೇ, ಎಲ್ಲವನ್ನೂ ನೋಡಿ. ಮನೆಯವರನ್ನು ಕೇಳದೆ ಪಟ್ಟಿ ಮುಗಿಸಬೇಡಿ. ಗಂಡ ಹೆಂಡತಿ ಇಬ್ಬರೂ ಅದೇ ವರ್ಷ ಮ್ಯಾಚ್‌ಗೆ ಹೋಗುತ್ತಿದ್ದರೆ ಪಟ್ಟಿಗಳನ್ನು ಜೋಡಿಸುವ ಕಪಲ್ಸ್ ಮ್ಯಾಚ್ ಇದೆ.

ಪಟ್ಟಿಯ ಕೊನೆ ಎಲ್ಲಿ?

ಕೊನೆಯ ಹೆಸರುಗಳಲ್ಲಿ ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇಲ್ಲಿ ಸೇರುವುದು ಮೇಲೋ, ಈ ವರ್ಷ ಸೀಟೇ ಸಿಗದಿರುವುದು ಮೇಲೋ? ಸೇರುವುದೇ ಮೇಲು ಅನ್ನಿಸಿದರೆ ಬರೆಯಿರಿ. ಪಟ್ಟಿ ಉದ್ದವಾದರೆ ಮೇಲಿನವಕ್ಕೆ ಏನೂ ಧಕ್ಕೆಯಿಲ್ಲ. ಹೊರದೇಶದ ಅಭ್ಯರ್ಥಿಗಳು ಬರೀ ಬೇಜಾರಿಗೆ ಹೆಸರು ಬಿಡುವುದು ಸರಿಯಲ್ಲ. ಆದರೆ ರೆಸಿಡೆಂಟ್‌ಗಳನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಾರೆ ಎಂದು ಖಚಿತವಾಗಿ ಗೊತ್ತಿದ್ದರೆ ಬಿಟ್ಟುಬಿಡಿ. ಬರೆದ ಮೇಲೆ ಬಂದ ಸೀಟು ಬೇಡ ಅನ್ನುವಂತಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಎನ್‌ಆರ್‌ಎಂಪಿ ತಾಣದಲ್ಲಿ ದೃಢೀಕರಿಸಬೇಕು. ಬರೆದಿಟ್ಟು ದೃಢೀಕರಿಸದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಒಂದು ಹೆಸರು ಬದಲಿಸಿದರೂ ಮತ್ತೆ ದೃಢೀಕರಿಸಿ. ಇತ್ತೀಚಿನ ವರ್ಷಗಳಲ್ಲಿ ಗಡುವು ಫೆಬ್ರವರಿ ಕೊನೆಗೆ ಅಥವಾ ಮಾರ್ಚ್ ಮೊದಲಿಗೆ, ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 9 ಗಂಟೆಗೆ ಮುಗಿಯುತ್ತದೆ. ನಮ್ಮಲ್ಲಿ ಆಗ ಮರುದಿನ ಬೆಳಗ್ಗೆ ಏಳೂವರೆ. ಊರಲ್ಲಿ ಕೂತು ಬರೆಯುವವರು ಎರಡು ದಿನ ಮೊದಲೇ ಈ ಕೆಲಸ ಮುಗಿಸಿಬಿಡಿ.